ತಾರೀಖಿನ ಜಾಗ ಖಾಲಿ

ಹೊಸ ಫ್ಲೆಕ್ಸಿಗೆ ಒಂದು ವಾಸನೆಯಿದೆ. ಸೀಮೆಎಣ್ಣೆಯದು ಅನ್ನೋಣವೆಂದರೆ ಅಲ್ಲ, ಪೇಂಟಿನದು ಅನ್ನೋಣವೆಂದರೆ ಅದೂ ಅಲ್ಲ. ನಾಲ್ಕು ಬಿಸಿಲು ಬಿದ್ದರೆ ಹೋಗಿಬಿಡುತ್ತದೆ. ಹಾಗಾಗಿ ಆ ವಾಸನೆ ಮೂಗಿಗೆ ಬಡಿಯಿತೆಂದರೆ, ಯಾರದೋ ಹುಟ್ಟುಹಬ್ಬ ಈಗಷ್ಟೇ ಬಂದಿದೆ, ಇಲ್ಲವೇ ಯಾರೋ ಈಗಷ್ಟೇ ತೀರಿಕೊಂಡಿದ್ದಾರೆ ಎಂದೇ ಲೆಕ್ಕ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಎರಡಕ್ಕೂ ಒಂದೇ ಅಳತೆಯ ಫ್ಲೆಕ್ಸು, ಕೆಳಗೆ ಅವೇ ಮುಖಗಳ ಸಾಲು. ಮೇಲಿನ ದೊಡ್ಡ ಫೋಟೋದ ಸುತ್ತ ದೀಪ ಇದೆಯೋ ಕೇಕು ಇದೆಯೋ ನೋಡಿ ತಿಳಿದುಕೊಳ್ಳಬೇಕು.

ಮೊನ್ನೆ ಬೆಳಿಗ್ಗೆ ಮದ್ದೂರಿನಲ್ಲಿ ಬಸ್ಸಿಳಿದಾಗ ಆ ವಾಸನೆ ಬಂತು. ಎಳನೀರು ತುಂಬಿದ ಲಾರಿಯ ಪಕ್ಕದಲ್ಲಿ ಏಣಿ ಹಾಕಿಕೊಂಡು ಒಬ್ಬ ಕಂಬಕ್ಕೆ ಫ್ಲೆಕ್ಸು ಬಿಗಿಯುತ್ತಿದ್ದ. ತಲೆಯೆತ್ತಿ ನೋಡಿದೆ. ದೀಪವಿತ್ತು. ಪರಿಚಯದ ಮುಖವಲ್ಲ. ಆದರೂ ಕಾಲು ನನ್ನನ್ನು ಕೇಳದೆ ಹಳೆಯ ದಾರಿ ಹಿಡಿಯಿತು.

ನಾನು ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡಿರುವ ಪತ್ರಿಕೆಯ ವರದಿಗಾರ. ನನ್ನ ಆಯುಸ್ಸಿನ ಅರ್ಧ ಈ ಜಿಲ್ಲೆಯ ಬಸ್ಸುಗಳಲ್ಲಿ ಹೋಗಿದೆ, ಇನ್ನರ್ಧ ಬಸ್ಸಿಗೆ ಕಾಯುವುದರಲ್ಲಿ. ಮದ್ದೂರಿನಲ್ಲಿ ಕಾಯುವ ಪಾಲಿಗೆ ಬಂದದ್ದು ಮರಿಸ್ವಾಮಿಯವರ ಪ್ರೆಸ್ಸು. ಅದಕ್ಕೊಂದು ಹೆಸರಿದೆ, ಬೋರ್ಡೂ ಇದೆ. ಆಟೋದವರಿಗೆ ಆ ಹೆಸರು ಹೇಳಿದರೆ ತಿಳಿಯದು. ಮಿಲಿಟರಿ ಪ್ರೆಸ್ಸು ಎನ್ನಬೇಕು. ಮರಿಸ್ವಾಮಿ ಸೇನೆಯಲ್ಲಿ ಪಿಂಚಣಿ ಬರುವಷ್ಟು ವರ್ಷ ದುಡಿದು ಬಂದು, ಹೆಂಡತಿಯ ಊರಾದ ಇಲ್ಲಿ, ಯಾರೋ ಮುಚ್ಚುತ್ತಿದ್ದ ಅಚ್ಚುಮನೆಯನ್ನು ಹಿಡಿದುಕೊಂಡವರು. ಕಾಲಲ್ಲಿ ತುಳಿಯುವ ಮಿಷನ್ನಿನಿಂದ ಶುರು ಮಾಡಿ ಆಫ್‌ಸೆಟ್ಟಿಗೆ ಬಂದು, ಈಗ ಫ್ಲೆಕ್ಸಿಗೆ ಬಂದು ನಿಂತಿದ್ದಾರೆ.

ನಿಂತಿದ್ದಾರೆ ಎಂದೆ, ಅದು ಅಕ್ಷರಶಃ ನಿಜ. ಆ ಮನುಷ್ಯ ಕೂತದ್ದನ್ನು ನಾನು ಕಂಡಿಲ್ಲ. ಗಿರಾಕಿಗಳಿಗೊಂದು ಬೆಂಚಿದೆ, ಕಂಪ್ಯೂಟರಿನ ಮುಂದೆ ಅವರ ಹೆಂಡತಿ ಜಯಮ್ಮನವರಿಗೊಂದು ಕುರ್ಚಿಯಿದೆ. ಯಜಮಾನನಿಗೆ ಮಾತ್ರ ಏನೂ ಇಲ್ಲ. ಬಾಗಿಲಿನಿಂದ ಮಿಷನ್ನಿಗೆ, ಮಿಷನ್ನಿನಿಂದ ಕಾಗದದ ರಾಶಿಗೆ, ಅಲ್ಲಿಂದ ಮತ್ತೆ ಬಾಗಿಲಿಗೆ ಓಡಾಡುತ್ತಲೇ ಇರುತ್ತಾರೆ. ಒಮ್ಮೆ ಕೇಳಿದ್ದೆ.

"ಸೆಂಟ್ರಿ ಡ್ಯೂಟಿ ಮಾಡಿದ್ ಕಾಲು ಸಾರ್ ಇದು. ಅಲ್ಲಿ ಕೂತ್ರೆ ನಿದ್ದೆ ಬತ್ತದೆ, ನಿದ್ದೆ ಬಂದ್ರೆ ಚಾರ್ಜ್‌ಶೀಟ್ ಬತ್ತದೆ."

"ಇಲ್ಲಿ ಯಾರು ಕೊಡ್ತಾರೆ ಚಾರ್ಜ್‌ಶೀಟು?"

ಜಯಮ್ಮ ಪರದೆಯಿಂದ ಕಣ್ಣು ಕೀಳದೆ ಹೇಳಿದರು: "ನಾನೇ ಕೊಟ್ಟೀನಿ ಸಾರ್ ಒಂದಿಪ್ಪತ್ತು. ತಗಂಡವ್ರೆ, ಓದಿಲ್ಲ."

ಸಣ್ಣ ಊರಿನ ಪ್ರೆಸ್ಸು ಎಂದರೆ ನೀವು ಏನು ಕಲ್ಪಿಸಿಕೊಳ್ಳುತ್ತೀರೋ ಗೊತ್ತಿಲ್ಲ. ನನಗಂತೂ ಅದು ನಮ್ಮ ಸುದ್ದಿಮನೆಗಿಂತ ಸುದ್ದಿಗೆ ಹತ್ತಿರ. ಯಾರ ಮಗಳಿಗೆ ಎಲ್ಲಿಯ ಗಂಡು, ಯಾವ ಅಣ್ಣತಮ್ಮಂದಿರು ಲಗ್ನಪತ್ರಿಕೆಯಲ್ಲಿ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಹೆಸರು ಬರಕೂಡದು ಎನ್ನುತ್ತಿದ್ದಾರೆ, ದುದ್ದದ ಕಡೆಯ ಯಾವ ಮನೆಯಲ್ಲಿ ಪಾಲಾಗಿದೆ, ಎಲ್ಲವೂ ಅಲ್ಲಿಗೆ ಮೊದಲು ಬರುತ್ತದೆ. ಚುನಾವಣೆ ಬಂದರಂತೂ ಎರಡೂ ಕಡೆಯ ಕರಪತ್ರಗಳು ಒಂದೇ ಬೆಂಚಿನ ಮೇಲೆ ಒಣಗುತ್ತವೆ. ಮರಿಸ್ವಾಮಿಯವರದು ಒಂದೇ ನಿಯಮ: ಪ್ರೆಸ್ಸಿಗೆ ಪಕ್ಷ ಇಲ್ಲ. ಯಾರು ಬಂದರೂ ಅಚ್ಚು ಹಾಕಿಕೊಡುವುದು, ಒಬ್ಬರದನ್ನು ಇನ್ನೊಬ್ಬರಿಗೆ ಹೇಳದಿರುವುದು, ಕಾನೂನು ಹೇಳುವಂತೆ ಕೆಳಗೆ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಹೆಸರು ಹಾಕುವುದು. ನಮ್ಮ ಸಂಪಾದಕರು ಹೊಸಬರಿಗೆ ಅರ್ಧ ಗಂಟೆ ಹೇಳುವ ಪಾಠವನ್ನು ಇವರು ಒಂದು ಸಾಲಿನಲ್ಲಿ ಮುಗಿಸುತ್ತಾರಲ್ಲ ಎಂದು ನಾನು ಮೆಚ್ಚಿಕೊಂಡಿದ್ದೆ. ಆ ಒಂದು ಸಾಲಿಗೆ ಅವರು ಏನು ತೆತ್ತಿದ್ದಾರೆಂದು ನನಗೆ ತಿಳಿದದ್ದು ಕೆಲವು ವರ್ಷಗಳ ಹಿಂದೆ, ಒಂದು ಮಧ್ಯಾಹ್ನ.

ಅವತ್ತು ನಾನು ಬೆಂಚಿನ ಮೇಲಿದ್ದೆ. ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. ಮಳವಳ್ಳಿ ದಾಟಿ ಪೂರಿಗಾಲಿ ಹತ್ತಿರದ ಒಂದು ಹಳ್ಳಿಯವರು. ಮಳವಳ್ಳಿಯಲ್ಲಿ ದಿನವಿಡೀ ಕರೆಂಟಿಲ್ಲವೆಂದು ಇಲ್ಲಿಯವರೆಗೆ ಬಂದಿದ್ದರು. ಶ್ರದ್ಧಾಂಜಲಿ ಫ್ಲೆಕ್ಸು ಬೇಕು, ಸಂಜೆಯೊಳಗೆ ಬೇಕು, ದೊಡ್ಡದೇ ಬೇಕು.

"ಯಾರು ಓಗಿದ್ದು?" ಎಂದರು ಮರಿಸ್ವಾಮಿ, ಓಡಾಡುತ್ತಲೇ.

"ನಮ್ ದೊಡ್ಡಪ್ಪ. ಜವರಪ್ಪ ಅಂತ. ನಿಮ್ಮಂಗೇ ಮಿಲಿಟ್ರಿನಲ್ಲಿದ್ರು ಅಣ್ಣ."

ಮರಿಸ್ವಾಮಿ ನಿಂತರು. ಓಡಾಟ ನಿಂತದ್ದು ಜಯಮ್ಮನವರಿಗೂ ಕೇಳಿಸಿರಬೇಕು, ತಿರುಗಿ ನೋಡಿದರು.

"ಯಾವಾಗ ಓದ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ದೊಡ್ಡವನು ಹೇಳಿದ: "ಇನ್ನೂ ಇಲ್ಲ ಅಣ್ಣ. ಆಸ್ಪತ್ರೆಯೋರು ಮನೆಗ್ ಕರ್ಕೊಂಡೋಗಿ ಅಂದ್ಬುಟ್ರು. ಸಾಯಂಕಾಲದೊಳ್ಗೆ ಆಯ್ತದೆ ಅಂತವ್ರೆ ಎಲ್ರೂ. ಆಮೇಲ್ ಬಂದ್ರೆ ನೀವು ಬಾಗ್ಲಾಕಿರ್ತೀರಿ. ತಾರೀಖಿನ ಜಾಗ ಖಾಲಿ ಬುಡಿ, ನಾವು ಸ್ಕೆಚ್ ಪೆನ್ನಲ್ಲಿ ಬರ್ಕೊತೀವಿ."

ನೀವು ನಗಬಹುದು, ನಾನೂ ಒಳಗೊಳಗೇ ನಕ್ಕೆ. ಆದರೆ ನಗುವ ಹಕ್ಕು ನನಗೆ ಅಷ್ಟಾಗಿ ಇರಲಿಲ್ಲ. ಪತ್ರಿಕೆಗಳಲ್ಲಿ ವಯಸ್ಸಾದ ದೊಡ್ಡವರು ಆಸ್ಪತ್ರೆ ಸೇರಿದರೆಂದರೆ ಅವರ ಬದುಕಿನ ಲೇಖನ ಸಿದ್ಧವಾಗಿ, ಪುಟದ ಚಿತ್ರ ಆಯ್ಕೆಯಾಗಿ, ಮೊದಲ ವಾಕ್ಯದಲ್ಲಿ ಯಾವ ವಾರವೆಂಬುದೊಂದನ್ನು ಖಾಲಿ ಬಿಟ್ಟು ಕಾಯುತ್ತಿರುತ್ತದೆ. ಅವರು ಗುಣವಾಗಿ ಮನೆಗೆ ಹೋದರೆ ನಮಗೆ ಸಂತೋಷವೇ. ಲೇಖನವನ್ನಂತೂ ಯಾರೂ ಅಳಿಸುವುದಿಲ್ಲ. ಈ ಹುಡುಗರು ಅದೇ ಕೆಲಸವನ್ನು ಬಾಯಿಬಿಟ್ಟು ಹೇಳಿದ್ದರು, ಅಷ್ಟೇ.

"ಉಸ್ರು ಐತಾ?" ಎಂದರು ಮರಿಸ್ವಾಮಿ.

"ಐತೆ. ಕಣ್ ಬುಟ್ಟಿಲ್ಲ."

"ಉಸ್ರಿರೋ ಮನ್ಸನ್ ಫ್ಲೆಕ್ಸ್ ಆಕಲ್ಲ. ನಡೀರಿ."

ಹುಡುಗರು ಗೊಣಗುತ್ತ ಬೈಕು ಹತ್ತಿದರು. ಮರಿಸ್ವಾಮಿ ಬಾಗಿಲಿಗೆ ಹೋದರು, ಮಿಷನ್ನಿಗೆ ಬಂದರು, ಮತ್ತೆ ಬಾಗಿಲಿಗೆ ಹೋದರು. ಸ್ಕೂಟರಿನ ಕೀ ತೆಗೆದುಕೊಂಡರು, ಇಟ್ಟರು. ಜಯಮ್ಮ ಇದೆಲ್ಲವನ್ನೂ ನೋಡಿ, "ಓಗೋದಾದ್ರೆ ಓಗಿ. ಹಿಂಗೇ ನೆಲ ಸವ್ಸಿದ್ರೆ ಇಲ್ಲೇ ಮಳವಳ್ಳಿ ಬಂದ್ಬುಡ್ತದಾ?" ಎಂದರು.

ಮರಿಸ್ವಾಮಿ ನನ್ನ ಕಡೆ ತಿರುಗಿದರು. "ಸಾರ್, ನೀವೂ ಬನ್ನಿ."

"ನಾನು ಯಾಕೆ?"

"ಒಬ್ನೇ ಓದ್ರೆ ಅರ್ಧ ದಾರೀಲಿ ತಿರುಗ್ಸ್‌ಬುಡ್ತೀನಿ. ಹಿಂದ್ಗಡೆ ಒಬ್ರು ಕೂತಿದ್ರೆ ನಾಚ್ಕೆಗಾದ್ರೂ ಓಯ್ತೀನಿ."

ಹೀಗೆ ನಾನು ಒಬ್ಬರ ನಾಚಿಕೆಯ ಭಾರವಾಗಿ ಸ್ಕೂಟರ್ ಏರಿದೆ. ಕಬ್ಬು ಕಡಿಯುವ ಕಾಲ. ಕೆ.ಎಂ. ದೊಡ್ಡಿಯ ಹತ್ತಿರ ಟ್ರಾಕ್ಟರುಗಳು ಸಾಲುಗಟ್ಟಿದ್ದವು, ರಸ್ತೆಯ ಮೇಲೆಲ್ಲ ಕಬ್ಬಿನ ಸೋಗೆ. ಯಾವ ಟ್ರಾಕ್ಟರೂ ದಾಟಲು ಬಿಡುತ್ತಿರಲಿಲ್ಲ. ದಾಟಿದರೆ ಮುಂದೆ ಇನ್ನೊಂದು. ಮರಿಸ್ವಾಮಿ ಹಾರನ್ನು ಒತ್ತುತ್ತ, ಎಡಕ್ಕೂ ಬಲಕ್ಕೂ ಇಣುಕುತ್ತ, ತಿರುಗಿ ನೋಡದೆ ಮಾತಾಡುತ್ತಿದ್ದರು. ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗುತ್ತಿತ್ತು. ಉಳಿದದ್ದನ್ನು ಜೋಡಿಸಿಕೊಂಡರೆ ಸಂಗತಿ ಇಷ್ಟು.

ಜವರಪ್ಪನೂ ಮರಿಸ್ವಾಮಿಯೂ ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತು ಸೇನೆಗೆ ಸೇರಿದವರು. ಒಂದೇ ಬ್ಯಾರಕ್ಕಿನಲ್ಲಿ ಅಕ್ಕಪಕ್ಕದ ಮಂಚ. ಮರಳಿ ಬಂದ ಮೇಲೆ ಇವರು ಮದ್ದೂರಿಗೆ, ಅವರು ಹಳ್ಳಿಯ ಗದ್ದೆಗೆ. ಜವರಪ್ಪ ಕುಡಿಯುವವರಲ್ಲ. ತಿಂಗಳಿಗೊಮ್ಮೆ ಮಂಡ್ಯದ ಮಾಜಿ ಸೈನಿಕರ ಕ್ಯಾಂಟೀನಿನಲ್ಲಿ ಸಿಗುವ ತಮ್ಮ ಪಾಲಿನ ಬಾಟಲಿಗಳನ್ನು ಊರಿಗೆ ತಂದು, ಬಾಣಂತಿಯಿರುವ ಮನೆಗೊಂದಿಷ್ಟು ಬ್ರಾಂದಿ, ಮೈಕೈ ನೋವಿನ ಮುದುಕರಿಗೊಂದಿಷ್ಟು ರಮ್ಮು ಎಂದು ಹಂಚುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ವಿಷಯ. ಮುಂದೆ ಅವರು ಪಂಚಾಯಿತಿ ಚುನಾವಣೆಗೆ ನಿಂತರು. ಎದುರು ಕಡೆಯವರು ಒಂದು ಕರಪತ್ರ ಬರೆಸಿಕೊಂಡು ಅಚ್ಚಿಗೆ ತಂದದ್ದು ಮಿಲಿಟರಿ ಪ್ರೆಸ್ಸಿಗೆ. ಕ್ಯಾಂಟೀನ್ ಬಾಟಲಿ ಹಂಚಿ ಓಟು ಕೇಳುವ ಮಾಜಿ ಯೋಧನನ್ನು ನಂಬಬೇಡಿ ಎಂದಿತ್ತು ಅದರಲ್ಲಿ.

"ಓದ್ದೆ ಸಾರ್. ಸುಳ್ಳು ಅಂತ ನಂಗೆ ಗೊತ್ತಿತ್ತು. ಆದ್ರೆ ಪ್ರೆಸ್ಸಿಗೆ ಪಕ್ಸ ಇಲ್ಲ ಅಂತ ನಾನೇ ತಾನೇ ಊರ್ಗೆಲ್ಲ ಯೋಳ್ಕಂಡ್ ತಿರುಗಿದ್ದು. ಅಚ್ಚಾಕ್ದೆ. ಅವ್ನು ಬಂದು ಇದುಕ್ಕೆ ಉತ್ತರ ಬರ್ಕೊಟ್ರೆ ಅದ್ನೂ ಅಚ್ಚಾಕಣ ಅಂತ ಕಾಗ್ದ ಎತ್ತಿಟ್ಕೊಂಡು ಕಾಯ್ತಾ ಇದ್ದೆ."

ಜವರಪ್ಪ ಬರಲಿಲ್ಲ. ಕರಪತ್ರದ ಕೆಳಗಿನ ಸಣ್ಣಕ್ಷರ ಓದಿದರು, ಮಡಿಚಿ ಜೇಬಿಗಿಟ್ಟುಕೊಂಡರು, ಚುನಾವಣೆ ಸೋತರು, ಅವತ್ತಿನಿಂದ ಮಾತು ಬಿಟ್ಟರು. ತಿಂಗಳಿಗೊಮ್ಮೆ ಕ್ಯಾಂಟೀನಿನ ಸಾಲಿನಲ್ಲಿ ಇಬ್ಬರೂ ಸಿಗುತ್ತಿದ್ದರು. ಒಬ್ಬರು ಬಂದು ನಿಂತಿದ್ದು ಕಂಡರೆ ಇನ್ನೊಬ್ಬರು ನಡುವೆ ನಾಲ್ಕು ಜನ ಸೇರಿಕೊಳ್ಳುವವರೆಗೆ ಹೊರಗೆ ಕಾಯುತ್ತಿದ್ದರಂತೆ.

"ಈಗ ಹೋಗಿ ಏನು ಹೇಳ್ತೀರಿ?" ಎಂದು ಕೇಳಿದೆ. ವರದಿಗಾರನ ಚಪಲ.

"ಗೊತ್ತಿಲ್ಲ. ಉಸ್ರಿದ್ರೆ ತಾನೇ ಯೋಳೋದು" ಎಂದು ಅವರು ಇನ್ನೊಂದು ಟ್ರಾಕ್ಟರಿನ ಹಿಂದೆ ಸಿಕ್ಕಿಹಾಕಿಕೊಂಡರು. ಮಳವಳ್ಳಿ ಪೇಟೆ ದಾಟುವಾಗ ಸಿಕ್ಕ ಅಂಗಡಿ ಬಾಗಿಲುಗಳಲ್ಲೆಲ್ಲ ಜನ ಕರೆಂಟಿಲ್ಲದೆ ಹೊರಗೆ ನಿಂತಿದ್ದರು. ಎಲ್ಲಾದರೂ ನಿಂತು ನೀರು ಕುಡಿಯೋಣವೇ ಎಂದೆ. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ, ಸ್ಕೂಟರ್ ಮಾತ್ರ ನಿಲ್ಲಲಿಲ್ಲ.

ಹಳ್ಳಿಗೆ ಹೋದಾಗ ಮನೆಯ ಮುಂದೆ ಟೆಂಪೋದಿಂದ ಶಾಮಿಯಾನದ ಕಂಬಗಳನ್ನು ಇಳಿಸುತ್ತಿದ್ದರು. ಬಾಡಿಗೆ ಕುರ್ಚಿಗಳು ಒಂದರ ಮೇಲೊಂದು ನಿಂತಿದ್ದವು. ಮರಿಸ್ವಾಮಿ ಗಾಡಿ ನಿಲ್ಲಿಸಿದವರು ಇಳಿಯಲೇ ಇಲ್ಲ. ಎರಡೂ ಕೈ ಹ್ಯಾಂಡಲ್ಲಿನ ಮೇಲಿಟ್ಟುಕೊಂಡು ಆ ಕುರ್ಚಿಗಳನ್ನೇ ನೋಡುತ್ತಿದ್ದರು. ತಡವಾಯಿತು ಎಂದುಕೊಂಡರೆಂದು ಕಾಣುತ್ತದೆ. ನಾನೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಬೈಕಿನ ಹುಡುಗರಲ್ಲಿ ದೊಡ್ಡವನು ಬಂದು, "ಇನ್ನೂ ಇಲ್ಲ ಅಣ್ಣ" ಎಂದ. ಅವನ ದನಿಯಲ್ಲಿ ಸ್ವಲ್ಪ ಬೇಸರವೇ ಇದ್ದಂತಿತ್ತು.

ಪಡಸಾಲೆಯಲ್ಲಿ ಚಾಪೆಯ ಮೇಲೆ ಜವರಪ್ಪನವರನ್ನು ಮಲಗಿಸಿದ್ದರು. ಆಗಲೇ ಮಂಚದಿಂದ ಇಳಿಸಿಯಾಗಿತ್ತು. ಸುತ್ತ ಹೆಂಗಸರು. ಆಸ್ಪತ್ರೆಯಲ್ಲಿ ಬೆಳೆದ ಬಿಳಿ ಗಡ್ಡ ಮುಖವನ್ನೆಲ್ಲ ಮುಚ್ಚಿತ್ತು. ಮರಿಸ್ವಾಮಿ ಚಾಪೆಯ ಪಕ್ಕ ನಿಂತರು. ಎಷ್ಟೋ ಹೊತ್ತಾದ ಮೇಲೆ ಜವರಪ್ಪ ಕಣ್ಣು ಬಿಟ್ಟರು.

"ಯಾರ್ಲಾ ಅದು?"

"ನಾನು ಕಣ್ಲಾ. ಮರಿ."

"ಫ್ಲೆಕ್ಸ್ ತಂದ್ಯಾ?"

ಹೆಂಗಸರಲ್ಲಿ ಒಬ್ಬರು ಸೆರಗು ಬಾಯಿಗಿಟ್ಟುಕೊಂಡರು. ಜವರಪ್ಪನ ದನಿ ತೀರಾ ಸಣ್ಣದು, ಆದರೆ ಮಾತು ಸ್ಪಷ್ಟ. "ಕಣ್ ಮುಚ್ಕಂಡಿದ್ರೆ ಕಿವೀನೂ ಮುಚ್ಕತದೆ ಅನ್ಕಂಡವ್ರೆ ಈ ಮುಂಡೇವು. ಫೋಟೋ ಯಾವ್ದಾಕ್ಸಾನ ಅಂತ ನನ್ ತಲೆ ಮೇಲೇ ಜಗ್ಳ ಆಡಿದ್ರು."

"ತಂದಿಲ್ಲ. ಆಕಲ್ಲ ಅಂದೆ."

"ಈಗ ಆಕಲ್ಲ ಅಂತ್ಯಾ. ಆಗ ಆಕ್ದೆ."

ಮರಿಸ್ವಾಮಿಯವರ ಕಾಲು ಅಭ್ಯಾಸದಂತೆ ಒಂದು ಹೆಜ್ಜೆ ಬಾಗಿಲ ಕಡೆ ಹೋಯಿತು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ಕಂಡು ಹಿಂದಕ್ಕೆ ಹೋದರು. ನನ್ನನ್ನು ಕರೆತಂದದ್ದು ಸಾರ್ಥಕವಾಯಿತು.

"ಗಡ್ಡ ಕೆರೀತಾ ಐತೆ ಕಣ್ಲಾ" ಎಂದರು ಜವರಪ್ಪ. "ಇಂಗೇ ಕಳುಸ್ಬುಡ್ತವ್ರೆ ನನ್ನ. ಪೆರೇಡ್‌ಗೆ ಇಂಗೋದ್ರೆ ಬುಡ್ತಿದ್ರಾ?"

ಮರಿಸ್ವಾಮಿ ಬಿಸಿನೀರು ಕೇಳಿದರು. ಸೊಸೆ ಚೊಂಬಿನಲ್ಲಿ ನೀರು ತಂದಳು, ಗೂಡಿನಿಂದ ಸೋಪು, ಬ್ರಷ್ಷು, ರೇಜರು ತಂದಳು. ಆಮೇಲೆ ನಾನು ಯಾವತ್ತೂ ಕಾಣದ ನೋಟ ಕಂಡೆ. ಮರಿಸ್ವಾಮಿ ಕೂತರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನೊರೆ ಹಚ್ಚಿದರು. ಬ್ಲೇಡು ಕೆನ್ನೆಯಿಂದ ಗಂಟಲಿನ ಕಡೆಗೆ ಬರುವಾಗ ಜವರಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಗಂಟ್ಲು ತಾವ ಉಸಾರು. ಒಂದ್ಸಲ ಕುಯ್ದಿದ್ದೀಯ."

ಕೈ ನಿಂತಿತು. ನೀರಿನ ಚೊಂಬು ಹಿಡಿದಿದ್ದ ಸೊಸೆಯೂ ಅಲುಗಾಡಲಿಲ್ಲ.

"ಆಕ್ಬ್ಯಾಡ ಅಂತಿರ್ನಿಲ್ಲ ಕಣ್ಲಾ ನಾನು" ಎಂದರು ಜವರಪ್ಪ, ಉಸಿರು ನಿಲ್ಲಿಸಿ ನಿಲ್ಲಿಸಿ. "ನಿನ್ ಹೊಟ್ಟೆಪಾಡು ಅದು. ಆದ್ರೆ ಮೊದ್ಲು ಬಂದು ಯೋಳ್ಬೇಕಾಗಿತ್ತು. ಊರೋರ್ ಕೈಲಿ ನೋಡಂಗ್ ಮಾಡ್ಬುಟ್ಟೆ."

"ಯೋಳಿದ್ರೆ ಏನ್ ಮಾಡ್ತಿದ್ದೆ?"

"ಬೈತಿದ್ದೆ. ಅಮ್ಮನ್ನೂ ಸೇರ್ಸಿ ಬೈತಿದ್ದೆ. ಆಮೇಲೆ, ಓಗ್ ಆಕೋ ಅಂತಿದ್ದೆ."

ಮರಿಸ್ವಾಮಿ ಕ್ಷಮೆ ಕೇಳಲಿಲ್ಲ. ಉಳಿದ ಕೆನ್ನೆಗೆ ಮತ್ತೆ ನೊರೆ ಹಚ್ಚಿ, ನಿಧಾನವಾಗಿ, ಒಂದು ಗೀರೂ ಆಗದಂತೆ ಮುಗಿಸಿದರು. ಟವೆಲ್ಲಿನಿಂದ ಒರೆಸಿದ ಮೇಲೆ ನೋಡಿದರೆ ಅಲ್ಲಿ ಮಲಗಿದ್ದದ್ದು ಬೇರೆಯೇ ಮನುಷ್ಯ. ಸಾಯುವವನ ಮುಖ ನೊರೆಯ ಜೊತೆ ಹೋಗಿತ್ತು.

ಇದನ್ನು ಪವಾಡವೆಂದು ಬರೆಯುವವನು ನಾನಲ್ಲ. ಜವರಪ್ಪ ಆ ಸಂಜೆ ಸ್ವಲ್ಪ ಗಂಜಿ ಕುಡಿದರು, ಮರುದಿನ ಇನ್ನೊಂದಿಷ್ಟು. ಹೊಸ ಔಷಧಿ ಹಿಡಿಯಿತು ಎಂದರು ಕೆಲವರು. ಶಾಮಿಯಾನದವನು ಕಂಬ ವಾಪಸು ಒಯ್ಯುವಾಗ ಗೊಣಗಿದನಂತೆ. ಮರಿಸ್ವಾಮಿ ಮಾತ್ರ ವಾರಕ್ಕೊಮ್ಮೆ ರೇಜರು ಹಿಡಿದು ಹೋಗುವುದನ್ನು ರೂಢಿ ಮಾಡಿಕೊಂಡರು. ಜವರಪ್ಪ ಎದ್ದು ಗದ್ದೆ ಬದುವಿನಲ್ಲಿ ಓಡಾಡುವಂತಾದ ಮೇಲೂ ಅದು ನಿಲ್ಲಲಿಲ್ಲ. ಆಮೇಲೆ ನನಗೆ ಬೇರೆ ತಾಲ್ಲೂಕುಗಳ ಕೆಲಸ ಬಿತ್ತು, ಮದ್ದೂರಿನಲ್ಲಿ ಇಳಿಯುವುದೇ ಅಪರೂಪವಾಯಿತು.

ಆದ್ದರಿಂದಲೇ ಮೊನ್ನೆ ಆ ದೀಪದ ಫ್ಲೆಕ್ಸು ಕಂಡದ್ದೇ ಕಾಲು ಪ್ರೆಸ್ಸಿನ ಕಡೆ ತಿರುಗಿದ್ದು. ಪ್ರೆಸ್ಸಿನಲ್ಲಿ ಜಯಮ್ಮ ಒಬ್ಬರೇ ಇದ್ದರು. ಮಿಷನ್ನು ಸುಮ್ಮನಿತ್ತು.

"ಎಲ್ಲಿ ಯಜಮಾನ್ರು?"

"ಪೂರಿಗಾಲಿ ತಾವ ಓಗವ್ರೆ ಸಾರ್. ಬೆಳ್ಗಾಗೆದ್ದು ಒಂಟೋದ್ರು."

"ಯಾಕೆ, ಜವರಪ್ಪನವರಿಗೇನಾದ್ರೂ..."

"ಅವ್ರಿಗೇನಾಗದೆ. ಗುಂಡುಕಲ್ಲಂಗವ್ರೆ. ಎಲೆಕ್ಷನ್ ಸಾರ್. ಈ ಸಲ ಸೀಟು ಹೆಂಗುಸ್ರುಗೆ ಬಂದದೆ, ಅವ್ರ ಸೊಸೆ ನಿಂತವ್ಳೆ. ಎದುರು ಪಾರ್ಟಿಯೋರು ಕರಪತ್ರ ತಂದಿದ್ರು. ಪೂರ್ತಿ ಮಾವನ್ ಮೇಲೇ ಬರ್ದವ್ರೆ. ಇವ್ರು ಅವ್ರ ಮುಖಕ್ಕೇ ಯೋಳುದ್ರು, ಇದ್ನ ಮೊದ್ಲು ಅವ್ನಿಗೆ ತೋರ್ಸಿ ಬಂದು ಆಮೇಲೆ ಆಕ್ತೀನಿ, ಒಪ್ಪುದ್ರೆ ಬುಟ್ಟೋಗಿ, ಇಲ್ದಿದ್ರೆ ಎತ್ಕಂಡೋಗಿ ಅಂತ."

"ಅವರು ಒಪ್ಪಿದರಾ?"

"ಬುಟ್ಟೋದ್ರು. ಜವರಪ್ಪನೋರು ಓದ್ಲಿ ಅಂತ್ಲೇ ಅಲ್ವಾ ಸಾರ್ ಬರ್ಸಿರಾದು."

ಪ್ರೆಸ್ಸಿಗೆ ಪಕ್ಷವಿಲ್ಲ ಎಂಬ ನಿಯಮ ಮುರಿಯಿತೋ ಉಳಿಯಿತೋ ಎಂದು ನಾನು ಯೋಚಿಸುತ್ತಿರುವಾಗಲೇ ಜಯಮ್ಮನವರ ಮೊಬೈಲು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಜಯಾ, ಮಿಷನ್ ರೆಡಿ ಮಾಡು."

"ಏನಂದ್ರು?"

"ಬೈದ. ಸ್ಯಾನೆ ಬೈದ. ಇನ್ನೂ ಬೈತಾನೇ ಅವ್ನೆ. ಮೊದುಲ್ನೇ ಸಾಲು ನಿಜವಂತೆ, ಮಿಕ್ಕಿದ್ದೆಲ್ಲ ಸುಳ್ಳಂತೆ. ಸೊಸೆ ಉತ್ತರ ಬರೀತಾ ಅವ್ಳೆ. ಎದುರು ಪಾರ್ಟಿಯೋರ್ಗೂ ತೋರ್ಸಿ ಆಕ್ಬೇಕು ಅದ್ನ. ಕಾಗ್ದ ಎರಡ್ ಬಣ್ಣದ್ದು ಎತ್ತಿಡು."

ಹಿಂದಿನಿಂದ ಇನ್ನೊಂದು ಗಟ್ಟಿ ದನಿ: "ನಮ್ದು ಅಳದಿ ಬ್ಯಾಡ ಅನ್ನು ಕಣ್ಲಾ. ಬಿಸ್ಲಲ್ಲಿ ಓದಕ್ಕಾಗಾಕಿಲ್ಲ."

ಜಯಮ್ಮ ಗುಲಾಬಿ ಬಣ್ಣದ ರೀಮು ಎಳೆದರು. ನಾನು ಎದ್ದೆ, ನನ್ನ ಬಸ್ಸಿನ ಹೊತ್ತಾಗಿತ್ತು.

ಅವತ್ತು ನಾನು ಮಳವಳ್ಳಿ ಕಡೆಯ ಒಬ್ಬ ಸಹಕಾರ ಸಂಘದ ಕಾರ್ಯದರ್ಶಿಯ ಮೇಲಿನ ದೂರಿನ ವರದಿ ಮುಗಿಸಬೇಕಿತ್ತು. ದೂರು ಕೊಟ್ಟವರು ಮಳವಳ್ಳಿಯಲ್ಲಿ ಕಾಯುತ್ತಿದ್ದರು. ಕಾರ್ಯದರ್ಶಿಗೆ ಬೆಳಿಗ್ಗೆ ಒಂದು ಸಲ ಫೋನು ಮಾಡಿದ್ದೆ, ಎತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೊಂದು ಸಿದ್ಧ ವಾಕ್ಯವಿದೆ: ಪ್ರತಿಕ್ರಿಯೆಗೆ ಸಂಪರ್ಕಕ್ಕೆ ಸಿಗಲಿಲ್ಲ. ಬರೆದರೆ ಯಾರೂ ತಪ್ಪೆನ್ನುವುದಿಲ್ಲ, ಸುಳ್ಳೂ ಅಲ್ಲ. ಬಸ್ಸಿನಲ್ಲಿ ಕೂತು ಅದನ್ನು ಮೊಬೈಲಿನಲ್ಲಿ ಬರೆದೂ ಬಿಟ್ಟಿದ್ದೆ. ಮಳವಳ್ಳಿ ಇನ್ನೂ ಸ್ವಲ್ಪ ದೂರವಿರುವಾಗ ಆ ಕಾರ್ಯದರ್ಶಿಯ ಊರಿನ ಗೇಟು ಬಂತು. ಎದ್ದು ಹೋಗಿ ಕಂಡಕ್ಟರಿಗೆ ನಿಲ್ಲಿಸಲು ಹೇಳಿದೆ.

"ಮಳವಳ್ಳಿ ಟಿಕೇಟಲ್ವಾ ಸಾರ್?" ಎಂದ ಆತ.

"ಇಲ್ಲೇ ಇಳೀತೀನಿ" ಎಂದೆ.

ಬಸ್ಸು ಹೋಯಿತು. ಅರಳಿಕಟ್ಟೆಯ ಮೇಲೆ ಕೂತಿದ್ದವರನ್ನು ಕಾರ್ಯದರ್ಶಿಗಳ ಮನೆ ಯಾವುದೆಂದು ಕೇಳಿದೆ. ಬೈಯುತ್ತಾರೆಂದು ಗೊತ್ತಿತ್ತು.